ನಮ್ಮ ಕಥೆ, ನಮ್ಮ ಚಿತ್ರ



ರಾತ್ರಿ ಊಟ ಆಯಿತು. ಮಕ್ಕಳು ಮಗ್ಗುಲಿಗೆ ಬಂದರು. "ಯವ್ವಾ, ಒಂದು ಕಥಿ ಹೇಳು" ಎಂದರು. ನಾವು ನರಿ ಕಥೆ ಹೇಳುತ್ತೇವೆ. ಕಾಗೆ, ಗುಬ್ಬಿ ಕಥೆ ಹೇಳುತ್ತೇವೆ. ನಮಗೆ ಇವನ್ನು ಹೇಳಿದವರು ಯಾರು? ನಮ್ಮ ಅವ್ವ, ನಮ್ಮ ಅಜ್ಜಿ. ಅಜ್ಜಿ ಹೋದಳು. ಅವಳ ಎಷ್ಟೋ ಕಥೆಗಳು ಅವಳ ಸಂಗಡ ಹೋದವು. ಯಾರೂ ಬರೆದು ಇಡಲಿಲ್ಲ.

ಈಗ ನಮಗೆ ಅಕ್ಷರ ಬಂದಿದೆ. ನಾವು ಮಕ್ಕಳ ಪುಸ್ತಕ ಬರೆಯಬಹುದೇ?

ಒಬ್ಬ ತಾಯಿ ಬರೆದರು. ಅವರ ಹೆಸರು ಅನುಪಮಾ ನಿರಂಜನ. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಓದಿ ಡಾಕ್ಟರ್ ಆದರು. ಮನೆ, ಮಕ್ಕಳು, ದವಾಖಾನೆ ಎಲ್ಲ ಇತ್ತು. ಆದರೂ ಬರೆದರು. ಮಕ್ಕಳಿಗಾಗಿ 'ದಿನಕ್ಕೊಂದು ಕಥೆ' ಬರೆದರು. ವರ್ಷದ ದಿನಕ್ಕೆಲ್ಲ ಒಂದೊಂದು ಕಥೆ. ಒಟ್ಟು 12 ಪುಸ್ತಕ. 1991ರಲ್ಲಿ ಅವರು ತೀರಿಕೊಂಡರು. ಕಥೆಗಳು ಉಳಿದಿವೆ.

"ಅವರು ಡಾಕ್ಟರ್ ಅದಾರ್ರಿ. ನಾವು ಹೊಲದಾಗ ತೊಗರಿ ಕೊಯ್ಯೋರು. ಚಿತ್ರ ನಮಗೆಲ್ಲಿ ಬರ್ತದರಿ?" ಎನ್ನುತ್ತೀರಿ. ಅಂಗಳದಲ್ಲಿ ರಂಗೋಲಿ ಹಾಕುವ ಕೈ ಯಾರದು? ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವ ಕೈ ಯಾರದು? ನಮ್ಮ ಸುರಪುರದ ಚಿತ್ರಕಲೆ ನಾಡಿಗೇ ಹೆಸರಾದದ್ದು. ಅರಸರ ಕಾಲದಲ್ಲಿ ಗರುಡಾದ್ರಿ ಮನೆತನದವರು ಸಣ್ಣ ಕುಂಚದಿಂದ ಚಿತ್ರ ಬರೆದರು. ಶಹಾಪುರದ ಬೆಟ್ಟ ನೋಡಿರಿ. ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ನೋಡಿದ್ದನ್ನು ಗೆರೆಯಲ್ಲಿ ಎಳೆದರೆ ಅದೇ ಚಿತ್ರ.

ನಮ್ಮದೊಂದು ತಪ್ಪನ್ನೂ ಹೇಳುತ್ತೇವೆ. ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ತಾಯಿ ಎಮ್ಮೆ ಕಥೆ ಬರೆದು ತಂದರು. ನಾವು ಕೆಂಪು ಪೆನ್ನು ಹಿಡಿದೆವು. ಒತ್ತು ತಪ್ಪು, ದೀರ್ಘ ತಪ್ಪು ಎಂದು ಗುರುತು ಹಾಕಿದೆವು. ಕಥೆ ಹೇಗಿದೆ ಎಂದು ಹೇಳಲೇ ಇಲ್ಲ. ಆ ತಾಯಿ ಹಾಳೆ ಮಡಚಿ ಸೆರಗಿನಲ್ಲಿ ಇಟ್ಟುಕೊಂಡರು. ಎಂಟು ದಿನ ಬರಲಿಲ್ಲ. ನಾವು ಅವರ ಮನೆಗೆ ಹೋದೆವು. ಅವರ ಮೊಮ್ಮಗಳು ಅದೇ ಹಾಳೆ ಹಿಡಿದು ಓದುತ್ತಿದ್ದಳು. ನಗುತ್ತಿದ್ದಳು! ನಾವು ತಲೆ ತಗ್ಗಿಸಿದೆವು. ಮೊದಲು ಕಥೆ, ಆಮೇಲೆ ಕಾಗುಣಿತ. ಇದನ್ನು ನಾವು ಅವರಿಂದ ಕಲಿತೆವು.

ಪುಸ್ತಕ ಹೀಗೆ ಮಾಡಿರಿ:

1. ಎರಡು ಹಾಳೆ ಕೂಡಿಸಿ ನಡುವೆ ಮಡಚಿರಿ. 8 ಪುಟ ಆಗುತ್ತವೆ. ಮಡಿಕೆಯಲ್ಲಿ ಸೂಜಿ ದಾರದಿಂದ ಹೊಲಿಯಿರಿ.
2. ಮೊದಲ ಪುಟದಲ್ಲಿ ಕಥೆಯ ಹೆಸರು. ನಡುವಿನ 6 ಪುಟಗಳಲ್ಲಿ ಕಥೆ. ಕೊನೆಯ ಪುಟದಲ್ಲಿ ಒಂದು ಚಿತ್ರ.
3. ಒಂದು ಪುಟಕ್ಕೆ ಒಂದೇ ಸಂಗತಿ. ಎರಡು ಮೂರು ಸಾಲು ಸಾಕು.
4. ಚಿತ್ರ ಹೇಳುವುದನ್ನು ಮಾತು ಮತ್ತೆ ಹೇಳಬೇಕಿಲ್ಲ. ಎಮ್ಮೆ ಕರಿದು ಎಂದು ಚಿತ್ರವೇ ತೋರಿಸುತ್ತದೆ. ಅದರ ಸಿಟ್ಟನ್ನು ಮಾತು ಹೇಳಲಿ.
5. ಮಗುವಿಗೆ ಓದಿ ಹೇಳಿರಿ. ಮಗು ಎಲ್ಲಿ ಆಕಳಿಸಿತು? ಅಲ್ಲಿ ತಿದ್ದಿರಿ.

ನಿಮ್ಮ ಹೆಸರು ಬರೆಯಲು ಮರೆಯಬೇಡಿರಿ. ಕಥೆ ಕಟ್ಟಿದವರಿಗೆ, ಚಿತ್ರ ಬರೆದವರಿಗೆ ಕಾನೂನು ಹಕ್ಕು ಕೊಟ್ಟಿದೆ. ಅದು 1957ರ ಕಾಯಿದೆ. ಅವರು ಬದುಕಿರುವವರೆಗೆ ಹಕ್ಕು ಇರುತ್ತದೆ. ತೀರಿಕೊಂಡ ಮೇಲೂ 60 ವರ್ಷ ವಾರಸುದಾರರಿಗೆ ಇರುತ್ತದೆ. ಮುಂದೆ ಯಾರಾದರೂ ಅಚ್ಚು ಹಾಕಿಸುತ್ತೇವೆ ಎಂದು ಬರಬಹುದು. ಕಾಗದ ಓದಿರಿ. ಎಷ್ಟು ಹಣ, ಎಷ್ಟು ವರ್ಷ, ಹೆಸರು ಯಾರದು ಎಂದು ಕೇಳಿರಿ. ಆಮೇಲೆ ಸಹಿ ಮಾಡಿರಿ. ಸಹಿ ಕಲಿತದ್ದು ಇದಕ್ಕೇ ಅಲ್ಲವೇ?

ಮಾತಾಡೋಣ:
ನಿಮ್ಮ ಅಜ್ಜಿ ಹೇಳಿದ ಯಾವ ಕಥೆ ನಿಮಗೆ ನೆನಪಿದೆ?
ಅದರಲ್ಲಿ ಯಾವ ಚಿತ್ರ ಮೊದಲು ಕಣ್ಣಿಗೆ ಬರುತ್ತದೆ?

ಬರೆಯೋಣ:
ಆ ಕಥೆಯ ಮೊದಲ ಸಾಲನ್ನು ಇವತ್ತೇ ಬರೆಯಿರಿ. ಅಜ್ಜಿಯ ಹೆಸರನ್ನೂ ಬರೆಯಿರಿ.