ಖಾತೆಗೆ ತಪ್ಪಿ ಬಂದ ಹಣ: ಹಿಡುವಳಿದಾರರು ಅನುಸರಿಸತಕ್ಕ ಕ್ರಮ

ನೆರೆಯವರ ಕರೆಯುವ ಹಸುವೊಂದು ಬದುವನ್ನು ದಾಟಿ ತನ್ನ ಕೊಟ್ಟಿಗೆಗೆ ಬಂದು ನಿಂತರೆ, ಮರ್ಯಾದಸ್ಥನಾದ ರೈತನು ಎರಡು ಕೆಲಸಗಳನ್ನು ಮಾಡುವುದಿಲ್ಲ. ಅದರ ಹಾಲನ್ನು ಕರೆದು ತನ್ನ ಮನೆಗೆ ಬಳಸಿಕೊಳ್ಳುವುದಿಲ್ಲ. ಹಸು ತನ್ನದೆಂದು ಹೇಳಿಕೊಂಡು ಬಂದ ದಾರಿಹೋಕನ ಕೈಗೆ ಹಗ್ಗವನ್ನು ಕೊಟ್ಟುಬಿಡುವುದೂ ಇಲ್ಲ. ನಾಲ್ವರ ಸಮಕ್ಷಮದಲ್ಲಿ ಅದನ್ನು ಊರ ದೊಡ್ಡಿಗೆ ಸೇರಿಸಿ, ಅಲ್ಲಿಂದ ಒಡೆಯನಿಗೆ ತಲುಪುವಂತೆ ಮಾಡುವುದು ಹಿರಿಯರ ಕಾಲದಿಂದ ಬಂದ ಪದ್ಧತಿ. ಬ್ಯಾಂಕಿನ ಖಾತೆಗೆ ತಪ್ಪಿ ಬಂದ ಹಣಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಅದನ್ನು ವೆಚ್ಚಮಾಡುವುದು ಎಷ್ಟು ಅಪಾಯಕರವೋ, ವಿಚಾರಿಸದೆ ಕೇಳಿದವರಿಗೆ ಕೊಟ್ಟುಬಿಡುವುದೂ ಅಷ್ಟೇ ಅಪಾಯಕರವಾದುದು. ಇಲ್ಲಿ ದೊಡ್ಡಿಯ ಸ್ಥಾನದಲ್ಲಿರುವುದು ಬ್ಯಾಂಕು.

ಸಿಂಗಸಂದ್ರದಂಥ ಗ್ರಾಮಗಳ ಸ್ಥಿತಿ

ಹೊಸೂರು ರಸ್ತೆಯ ಬದಿಯಲ್ಲಿರುವ ಸಿಂಗಸಂದ್ರದ ಹಿಡುವಳಿದಾರರಿಗೆ ಈ ವಿಷಯವು ವಿಶೇಷವಾಗಿ ತಿಳಿದಿರಬೇಕು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಸಮೀಪದ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಏರ್ಪಡಿಸಿದ ತರುವಾಯ, ಈ ಸೀಮೆಯ ರಾಗಿಯ ಹೊಲಗಳು ಕ್ರಮಕ್ರಮವಾಗಿ ಮನೆಗಳಾದವು. 2025ರ ಆಗಸ್ಟ್ ತಿಂಗಳಲ್ಲಿ ಮೆಟ್ರೋ ರೈಲಿನ ಹಳದಿ ಮಾರ್ಗವು ತೆರೆಯಲ್ಪಟ್ಟು, ಸಿಂಗಸಂದ್ರಕ್ಕೂ ಒಂದು ನಿಲ್ದಾಣವು ಬಂದಿತು. ಸುಗ್ಗಿಯಾದ ಮೇಲೆ ವರ್ಷಕ್ಕೊಮ್ಮೆ ಹಣ ಕಾಣುತ್ತಿದ್ದ ಮನೆಗಳಿಗೆ ಈಗ ಪ್ರತಿ ತಿಂಗಳೂ ಬಾಡಿಗೆ, ಮುಂಗಡ ಮುಂತಾದುವು ಹತ್ತಾರು ಕಡೆಯಿಂದ ಮೊಬೈಲಿನ ಮೂಲಕ ಬಂದು ಸೇರುತ್ತವೆ. ಕಳುಹಿಸಿದವರ ಹೆಸರೂ ಎಷ್ಟೋ ಸಾರಿ ಪರಿಚಿತವಾಗಿರುವುದಿಲ್ಲ. ಇಂಥ ಖಾತೆಯಲ್ಲಿ ಪರರ ಹಣವು ಸೇರಿಕೊಂಡರೆ, ಜೊಳ್ಳಿನಂತೆ ಬೇರೆಯಾಗಿ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಯಾವ ಹಣವು ಯಾರಿಂದ ಯಾವ ದಿನ ಬಂದಿತೆಂಬ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅವಶ್ಯಕ.

ತಪ್ಪು ಉಂಟಾಗುವ ಬಗೆ

ಹಣವು ಸೇರತಕ್ಕ ಸ್ಥಳವನ್ನು ನಿರ್ಣಯಿಸುವುದು ಮುಖ್ಯವಾಗಿ ಖಾತೆಯ ಸಂಖ್ಯೆಯೇ ಹೊರತು ಹೆಸರಲ್ಲ. ಕಳುಹಿಸುವವನು ಒಂದು ಅಂಕಿಯನ್ನು ತಪ್ಪಿದರೂ ಹಣವು ಬೇರೊಬ್ಬರಿಗೆ ಹೋಗಬಹುದು. ರಿಸರ್ವ್ ಬ್ಯಾಂಕಿನ ಆದೇಶದ ಮೇರೆಗೆ 2025ರ ಏಪ್ರಿಲ್ ತಿಂಗಳಿನಿಂದ ನೆಫ್ಟ್ ಮತ್ತು ಆರ್.ಟಿ.ಜಿ.ಎಸ್. ಮೂಲಕ ಹಣ ಕಳುಹಿಸುವವರಿಗೆ, ಪಡೆಯುವವರ ಹೆಸರನ್ನು ಮೊದಲೇ ನೋಡುವ ಸೌಕರ್ಯವು ಏರ್ಪಟ್ಟಿದೆ. ಆದರೂ ನೋಡದೆ ಕಳುಹಿಸುವವರಿಗೆ ಅದರಿಂದ ಪ್ರಯೋಜನವಿಲ್ಲ. ಕೆಲವು ವೇಳೆ ಆಧಾರ್ ಸಂಖ್ಯೆಯು ಬೇರೆಯವರ ಖಾತೆಗೆ ಜೋಡಣೆಯಾಗಿ ಸರ್ಕಾರದ ಹಣವೇ ದಾರಿತಪ್ಪುವುದುಂಟು. ಕೆಲವು ವೇಳೆ ಬ್ಯಾಂಕಿನ ಯಂತ್ರವ್ಯವಸ್ಥೆಯೇ ಕೆಡುವುದುಂಟು.

2023ರ ನವೆಂಬರ್ 10ರಿಂದ 13ರವರೆಗೆ ಯೂಕೋ ಬ್ಯಾಂಕಿನಲ್ಲಿ ನಡೆದುದು ಇದಕ್ಕೆ ನಿದರ್ಶನವಾಗಿದೆ. ಬೇರೆ ಬ್ಯಾಂಕುಗಳಿಂದ ಹೊರಟು ವಿಫಲವಾದ ಪಾವತಿಗಳು ಈ ಬ್ಯಾಂಕಿನ 41,000ಕ್ಕೂ ಹೆಚ್ಚು ಖಾತೆಗಳಲ್ಲಿ ಜಮೆಯಾಗಿಹೋದವು. ಒಟ್ಟು ಮೊಬಲಗು ಸುಮಾರು 820 ಕೋಟಿ ರೂಪಾಯಿ. ಬ್ಯಾಂಕು ಕೆಲವೇ ದಿನಗಳಲ್ಲಿ ಇದರಲ್ಲಿ 649 ಕೋಟಿಯನ್ನು ಮರಳಿ ಪಡೆಯಿತು. ಉಳಿದುದನ್ನು ಕೆಲವರು ತೆಗೆದುಕೊಂಡಿದ್ದರು. ಸಿ.ಬಿ.ಐ.ಯವರು ಮೊಕದ್ದಮೆಯನ್ನು ದಾಖಲು ಮಾಡಿ ಅದೇ ಡಿಸೆಂಬರಿನಲ್ಲಿ ಕೋಲ್ಕತ್ತ ಮತ್ತು ಮಂಗಳೂರುಗಳಲ್ಲಿಯೂ, 2024ರ ಮಾರ್ಚಿನಲ್ಲಿ ರಾಜಸ್ಥಾನ ಮತ್ತು ಮಹಾರಾಷ್ಟ್ರಗಳಲ್ಲಿಯೂ ಶೋಧನೆ ನಡೆಸಿದರು. ಇದಕ್ಕೆ ಮೊದಲು, 2021ರಲ್ಲಿ, ಬಿಹಾರದ ಖಗಡಿಯಾ ಜಿಲ್ಲೆಯ ಒಬ್ಬ ಗ್ರಾಮಸ್ಥನು ತನ್ನ ಖಾತೆಗೆ ತಪ್ಪಿ ಬಂದ ಐದೂವರೆ ಲಕ್ಷ ರೂಪಾಯಿಯನ್ನು ಸರ್ಕಾರವೇ ಕಳುಹಿಸಿತೆಂದು ಹೇಳಿ ವೆಚ್ಚಮಾಡಿ, ಬ್ಯಾಂಕಿನವರು ಕೇಳಿದಾಗ ಹಿಂದಿರುಗಿಸದೆ ಸೆರೆಯಾದನು.

ಕಾನೂನಿನ ವಿಧಿ

1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 72ನೆಯ ಪ್ರಕರಣದಂತೆ, ತಪ್ಪಿನಿಂದ ಹಣವನ್ನು ಪಡೆದವನು ಅದನ್ನು ಹಿಂದಕ್ಕೆ ಕೊಡತಕ್ಕದ್ದು. ತಪ್ಪು ಬ್ಯಾಂಕಿನದೇ ಆಗಿದ್ದರೂ ಹಣವು ಪಡೆದವನ ಸ್ವತ್ತಾಗುವುದಿಲ್ಲ. ಪರರದೆಂದು ತಿಳಿದೂ ಅಪ್ರಾಮಾಣಿಕತೆಯಿಂದ ಅದನ್ನು ತನ್ನದಾಗಿ ಮಾಡಿಕೊಂಡರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೆಯ ಪ್ರಕರಣದ ಮೇರೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷಗಳವರೆಗಿನ ಸೆರೆವಾಸವೂ ಜುಲ್ಮಾನೆಯೂ ಉಂಟು.

ಒಬ್ಬ ಮನೆಯೊಡೆಯರ ಖಾತೆಗೆ 85,000 ರೂಪಾಯಿ ಬಂದಿತೆಂದೂ, ಅದನ್ನು ಹೊಸ ಬಾಡಿಗೆದಾರನ ಮುಂಗಡವೆಂದು ನಂಬಿ ಅವರು ಕೊಳವೆಬಾವಿಯ ಮೋಟಾರಿಗೆ ವೆಚ್ಚಮಾಡಿದರೆಂದೂ ಭಾವಿಸಬಹುದು. ತಿಳಿಯದೆ ಮಾಡಿದ ಈ ವೆಚ್ಚವು ಅಪರಾಧವಲ್ಲ. ಆದರೆ ಸಾಲದಂತೆ ಅದು ಅವರ ಮೇಲೆ ನಿಲ್ಲುತ್ತದೆ. ಬ್ಯಾಂಕಿನ ಕಾಗದವು ಕೈಸೇರಿದ ಮೇಲೂ ಕೊಡುವುದಿಲ್ಲವೆಂದು ಹಟಮಾಡಿದರೆ, ಅಲ್ಲಿಂದ ಮುಂದಿನದು ಬೇರೆ ಸಂಗತಿಯಾಗುತ್ತದೆ.

ಮಾಡತಕ್ಕ ಕ್ರಮಗಳು

1. ಮೊದಲು ಹಣವು ನಿಜವಾಗಿ ಬಂದಿದೆಯೇ ಎಂಬುದನ್ನು ನೋಡತಕ್ಕದ್ದು. ಮೊಬೈಲಿಗೆ ಬಂದ ಸಂದೇಶವು ಪ್ರಮಾಣವಲ್ಲ. ಬ್ಯಾಂಕಿಗೆ ಹೋಗಿ ಪಾಸ್ ಬುಕ್ಕಿನಲ್ಲಿ ಬರೆಯಿಸಿ ನೋಡಬೇಕು.

2. ಬಾಡಿಗೆ, ಹಾಲಿನ ಬಟವಾಡೆ, ಬೆಳೆ ಪರಿಹಾರ, ನೆಂಟರಿಂದ ಬರತಕ್ಕ ಹಣ, ಇವುಗಳಲ್ಲಿ ಯಾವುದೂ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

3. ಆ ಹಣವನ್ನು ತೆಗೆಯುವುದಾಗಲಿ, ಸಾಲಕ್ಕೆ ವಜಾ ಮಾಡುವುದಾಗಲಿ, ಮತ್ತೊಂದು ಖಾತೆಗೆ ಸಾಗಿಸುವುದಾಗಲಿ ಕೂಡದು. ತಾನಾಗಿಯೇ ಕಡಿತವಾಗುವ ಕಂತುಗಳಿದ್ದರೆ, ಅವುಗಳಿಂದ ಆ ಮೊಬಲಗು ಕರಗದಂತೆ ಎಚ್ಚರ ವಹಿಸಬೇಕು.

4. ತಡಮಾಡದೆ ಬ್ಯಾಂಕಿನ ಶಾಖೆಯ ಮ್ಯಾನೇಜರಿಗೆ ಅರ್ಜಿಯನ್ನು ಬರೆದುಕೊಡಬೇಕು. ಹಣ ಬಂದ ತಾರೀಖು, ಮೊಬಲಗು, ಪಾಸ್ ಬುಕ್ಕಿನಲ್ಲಿ ಕಾಣುವ ವ್ಯವಹಾರದ ಸಂಖ್ಯೆ ಇವುಗಳನ್ನು ತಿಳಿಸಿ, ಹಣವು ತನ್ನದಲ್ಲವೆಂದೂ, ವಿಚಾರಿಸಿ ಸಲ್ಲತಕ್ಕವರಿಗೆ ಸಲ್ಲಿಸಬೇಕೆಂದೂ ಬರೆಯತಕ್ಕದ್ದು. ಎರಡನೆಯ ಪ್ರತಿಯ ಮೇಲೆ ಬ್ಯಾಂಕಿನ ಮೊಹರನ್ನು ಹಾಕಿಸಿ ಇಟ್ಟುಕೊಳ್ಳಬೇಕು. ಮುಂದೆ ವಿವಾದವೆದ್ದರೆ ಇದೇ ಮುಖ್ಯ ಸಾಕ್ಷ್ಯ.

5. ಹಿಂದಿರುಗಿಸಲು ಬ್ಯಾಂಕಿನವರು ಒಪ್ಪಿಗೆ ಕೇಳಿದರೆ ಬರಹದಲ್ಲಿಯೇ ಕೊಟ್ಟು, ಹಣವು ಹೋದುದಕ್ಕೆ ರಸೀತಿ ಪಡೆಯಬೇಕು.

6. ಈಗಾಗಲೇ ವೆಚ್ಚವಾಗಿದ್ದರೆ ಮುಚ್ಚಿಡದೆ ತಿಳಿಸಿ, ಕಂತುಗಳಲ್ಲಿ ತೀರಿಸಲು ಅವಕಾಶವನ್ನು ಬರಹದಲ್ಲಿ ಕೇಳಬೇಕು.

7. ದೂರನ್ನು ಕೊಟ್ಟು 30 ದಿನಗಳಾದರೂ ಬ್ಯಾಂಕಿನಿಂದ ಉತ್ತರ ಬಾರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಅರಿಕೆ ಮಾಡಿಕೊಳ್ಳಬಹುದು. ಇದರ ವಿಚಾರವನ್ನು 14448 ಎಂಬ ದೂರವಾಣಿಯಲ್ಲಿ ತಿಳಿಯಬಹುದು.

ಹಣವನ್ನು ಮರಳಿ ಕೇಳುವ ಅಪರಿಚಿತರು

‘ಮಗಳ ಆಸ್ಪತ್ರೆಯ ಹಣ, ಕೈತಪ್ಪಿ ನಿಮಗೆ ಬಂದಿದೆ, ದಯವಿಟ್ಟು ಈ ನಂಬರಿಗೆ ಹಾಕಿರಿ’ ಎಂದು ಮೊಬೈಲಿನಲ್ಲಿ ಅಂಗಲಾಚುವವರುಂಟು. ನಿಜವಾಗಿ ತಪ್ಪಿದವರೂ ಇರಬಹುದು, ಮೋಸಗಾರರೂ ಇರಬಹುದು. ಕೆಲವರು ಹಣ ಹಾಕದೆಯೇ ಸುಳ್ಳು ಸಂದೇಶವನ್ನು ಕಳುಹಿಸಿ ಕೇಳುತ್ತಾರೆ. ಮತ್ತೆ ಕೆಲವರು ಬೇರೆಡೆ ವಂಚಿಸಿ ತೆಗೆದ ಹಣವನ್ನು ಅಮಾಯಕರ ಖಾತೆಯ ಮೂಲಕ ಸಾಗಿಸುತ್ತಾರೆ. ಅವರು ಹೇಳಿದ ಕಡೆಗೆ ಹಣ ಹಾಕಿದ ರೈತನು, ಹಣವನ್ನು ಕಳೆದುಕೊಂಡ ನಿಜವಾದ ಒಡೆಯನು ದೂರಿತ್ತಾಗ, ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ. ಖಾತೆಯು ಸ್ತಂಭಿತವಾಗಿ ಬಿತ್ತನೆಯ ಹಣಕ್ಕೂ ತೊಂದರೆಯಾಗಬಹುದು. ಇಂಥವರಿಗೆ ‘ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನಮ್ಮ ಬ್ಯಾಂಕಿಗೂ ತಿಳಿಸಿದ್ದೇವೆ’ ಎಂಬ ಒಂದೇ ಉತ್ತರವು ಸಾಕು. ನಿಜವಾದ ಒಡೆಯನಿಗೆ ಇದರಿಂದ ನಷ್ಟವಿಲ್ಲ. ಮೋಸದ ಶಂಕೆಯಿದ್ದರೆ 1930 ಎಂಬ ದೂರವಾಣಿಗೆ ತಿಳಿಸತಕ್ಕದ್ದು.

ಸರ್ಕಾರದ ಸಹಾಯಧನ

2019ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯಿಂದ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಸಲ್ಲುತ್ತದೆ. ಹಿಂದಿನ ವರ್ಷದಲ್ಲಿ ಆದಾಯ ತೆರಿಗೆ ಕೊಟ್ಟವರ ಕುಟುಂಬವು ಇದಕ್ಕೆ ಅರ್ಹವಲ್ಲ. ನಗರದಂಚಿನ ಗ್ರಾಮಗಳಲ್ಲಿ ಬಾಡಿಗೆಯ ವರಮಾನದಿಂದ ತೆರಿಗೆಗೆ ಒಳಪಟ್ಟ ಹಿಡುವಳಿದಾರರು ಇದನ್ನು ಗಮನಿಸಬೇಕು. ಅನರ್ಹರಿಗೆ ಬಂದ ಕಂತನ್ನೂ, ಫಲಾನುಭವಿಯು ಕಾಲವಾದ ಮೇಲೆ ಅವರ ಖಾತೆಗೆ ಬಂದ ಕಂತನ್ನೂ ಹಿಂದಿರುಗಿಸತಕ್ಕದ್ದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದರೆ ಇದರ ಕ್ರಮವು ತಿಳಿಯುತ್ತದೆ.

ಗ್ರಾಮದ ಮುಖ್ಯಸ್ಥರ ಕರ್ತವ್ಯ

ಓದು ಬಾರದ ವೃದ್ಧರು ತಮ್ಮ ಮೊಬೈಲನ್ನು ಮುಖ್ಯಸ್ಥರಿಗೆ ತೋರಿಸಿ ಸಲಹೆ ಕೇಳುವುದು ವಾಡಿಕೆ. ಅಂಥವರೊಡನೆ ತಾವೇ ಬ್ಯಾಂಕಿಗೆ ಹೋಗಿ ಅರ್ಜಿಯನ್ನು ಬರೆಯಿಸಿಕೊಡುವುದು ದೊಡ್ಡ ಉಪಕಾರವಾಗುತ್ತದೆ. ಆದರೆ ಅವರ ಗುಪ್ತ ಸಂಖ್ಯೆಯನ್ನು ಮುಖ್ಯಸ್ಥರೂ ಕೇಳಕೂಡದು. ತಪ್ಪಿ ಬಂದ ಹಣವನ್ನು ಮುಟ್ಟಬಾರದು, ಮುಚ್ಚಿಡಬಾರದು, ಬ್ಯಾಂಕಿನ ಹೊರತು ಅನ್ಯರ ಕೈಗೆ ಕೊಡಬಾರದು ಎಂಬ ಮೂರು ಮಾತುಗಳನ್ನು ಗ್ರಾಮಸಭೆಯಲ್ಲಿ ತಿಳಿಯಹೇಳಿದರೆ, ಎಷ್ಟೋ ಸಂಸಾರಗಳು ಪೊಲೀಸು ಠಾಣೆಯ ಮೆಟ್ಟಿಲನ್ನು ಹತ್ತುವುದು ತಪ್ಪೀತು.