ಮೂರು ಊರ ಹೆಸರುಗಳೂ ಇಂಗ್ಲಿಷ್ ಉಚ್ಚಾರಣೆಯೂ

ಇಂಗ್ಲಿಷ್ ಉಚ್ಚಾರಣೆಯ ವಿಷಯವಾಗಿ ಬರೆಯಲು ನಾನು ಪಂಡಿತನಲ್ಲ. ಭೀಮಾ ತೀರದಲ್ಲಿ, ಜೇವರ್ಗಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯಿಂದ ಬಂದು ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿರುವ ವಿದ್ಯಾರ್ಥಿ ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ಈ ಲೇಖನಕ್ಕೆ ಕೈಹಾಕಿದ್ದಕ್ಕೆ ಒಂದು ಕಾರಣವುಂಟು.

ಕಳೆದ ವರ್ಷ ಬೇರೊಂದು ಊರಿನಲ್ಲಿ ನಡೆದ ಇಂಗ್ಲಿಷ್ ಚರ್ಚಾಸ್ಪರ್ಧೆಗೆ ಹೋಗಿದ್ದೆನು. ವಿಷಯ ರೈತರ ಸಾಲ. ಸಾಲಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನು, ಕಾಗದದ ಮೇಲೆ ಹೇಗೆ ಬರೆದಿತ್ತೋ ಹಾಗೆಯೇ, ‘ಡೆಬ್ಟ್’ ಎಂದು ಓದಿದೆನು. ಸಭೆ ನಕ್ಕಿತು. ಮತ್ತೊಮ್ಮೆ ಆ ಪದ ಬಂದಾಗ ಮತ್ತೊಮ್ಮೆ ನಕ್ಕಿತು. ಮೂರನೆಯ ಸಲ ನನಗೆ ಬಾಯಿಯೇ ಏಳಲಿಲ್ಲ. ಆ ಪದದಲ್ಲಿ ‘ಬಿ’ ಅಕ್ಷರವನ್ನು ಉಚ್ಚರಿಸಬಾರದು, ‘ಡೆಟ್’ ಎನ್ನಬೇಕು ಎಂಬುದು ಅಲ್ಲಿ ನೆರೆದವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸಾಲವೆಂದರೇನು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಊರಿಗೆ ಮರಳಿದ ಮೇಲೆ ಕೆಲವು ದಿನ ಇಂಗ್ಲಿಷ್ ಮಾತನಾಡುವುದನ್ನೇ ಬಿಟ್ಟೆ. ಅನಂತರ ಗುರುಗಳನ್ನು ಕೇಳಿ, ಗ್ರಂಥಾಲಯದಲ್ಲಿ ಧ್ವನಿಶಾಸ್ತ್ರದ ಪುಸ್ತಕಗಳನ್ನು ಹುಡುಕಿ ಓದತೊಡಗಿದೆ. ಆಗ ಒಂದು ಮಾತು ಮನವರಿಕೆಯಾಯಿತು. ನಮ್ಮ ಉಚ್ಚಾರಣೆಯ ತಪ್ಪುಗಳು ದಡ್ಡತನದಿಂದ ಹುಟ್ಟಿದವಲ್ಲ. ಅವು ಕನ್ನಡದ ನಿಯಮಗಳನ್ನು ಇಂಗ್ಲಿಷಿಗೆ ಅನ್ವಯಿಸುವುದರಿಂದ ಹುಟ್ಟುತ್ತವೆ. ಆದುದರಿಂದ ಕನ್ನಡ ವ್ಯಾಕರಣವನ್ನು ಬಲ್ಲವನು ಅವನ್ನು ತಾನೇ ತಿದ್ದಿಕೊಳ್ಳಬಲ್ಲನು. ಇದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಎಂಬ ನಮ್ಮ ಮೂರು ತಾಲ್ಲೂಕುಗಳ ಹೆಸರುಗಳೇ ಸಾಕು.

ಮೊದಲು ಆಳಂದ. ಇಂಗ್ಲಿಷಿನಲ್ಲಿ ಈ ಹೆಸರನ್ನು ಐದು ಅಕ್ಷರಗಳಲ್ಲಿ ಬರೆಯುತ್ತಾರೆ. ಅದರಲ್ಲಿ ‘ಎ’ ಎರಡು ಸಲ ಬರುತ್ತದೆ. ಒಮ್ಮೆ ಅದು ‘ಆ’, ಇನ್ನೊಮ್ಮೆ ‘ಅ’. ‘ಎಲ್’ ಅಕ್ಷರ ನಮ್ಮ ‘ಳ’ಕಾರವನ್ನೂ ‘ಡಿ’ ಅಕ್ಷರ ‘ದ’ಕಾರವನ್ನೂ ಹೊರಬೇಕು. ನಮ್ಮ ಊರನ್ನರಿಯದವನೊಬ್ಬನು ಅದನ್ನು ‘ಆಲ್ಯಾಂಡ್’ ಎಂದು ಓದಿದರೆ ತಪ್ಪು ಅವನದಲ್ಲ. ನಾವು ಇಂಗ್ಲಿಷ್ ಪದಗಳನ್ನು ಓದುವಾಗ ಆಗುವುದೂ ಇದೇ. ಇಂಗ್ಲೆಂಡಿನ ಶಿಷ್ಟ ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ 44 ಧ್ವನಿಗಳನ್ನು ಎಣಿಸುತ್ತಾರೆ: 24 ವ್ಯಂಜನಗಳು, 20 ಸ್ವರಗಳು. ಈ 20ರಲ್ಲಿ 12 ಶುದ್ಧ ಸ್ವರಗಳು, ಉಳಿದ 8 ನಮ್ಮ ‘ಐ’, ‘ಔ’ಗಳಂತೆ ಒಂದರಿಂದ ಇನ್ನೊಂದಕ್ಕೆ ಜಾರುವ ಸಂಯುಕ್ತ ಸ್ವರಗಳು. ಅಕ್ಷರಗಳಾದರೋ ಒಟ್ಟು 26; ಅವುಗಳಲ್ಲಿ ಸ್ವರಾಕ್ಷರಗಳು ಐದೇ. ಐದು ಜನ ಇಪ್ಪತ್ತು ಜನರ ಕೆಲಸ ಮಾಡಬೇಕಾದರೆ ಗೊಂದಲವಾಗದಿದ್ದೀತೆ? ‘ಎ’ ಎಂಬ ಒಂದೇ ಅಕ್ಷರ ಕ್ಯಾಟ್, ಕಾರ್, ಕೇಕ್, ಕಾಲ್ ಎಂಬ ಪದಗಳಲ್ಲಿ ಬೇರೆ ಬೇರೆ ಧ್ವನಿ ಕೊಡುತ್ತದೆ. ನಾವು ‘ವಿಲೇಜ್’ ಎನ್ನುವ ಪದದಲ್ಲಿ ಅದು ‘ಇ’ ಆಗಿ, ‘ವಿಲಿಜ್’ ಎಂದಾಗಬೇಕು. 1886ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಧ್ವನಿಶಾಸ್ತ್ರ ಸಂಘವು ಒಂದು ಧ್ವನಿಗೆ ಒಂದು ಚಿಹ್ನೆಯೆಂಬ ತತ್ತ್ವದ ಮೇಲೆ ಲಿಪಿಯೊಂದನ್ನು ರೂಪಿಸಿತು. ನಮ್ಮ ವರ್ಣಮಾಲೆ ಬಹುಮಟ್ಟಿಗೆ ಆ ತತ್ತ್ವದಂತೆಯೇ ಇದೆ. ಆದುದರಿಂದಲೇ ಬರೆದುದನ್ನು ಬರೆದಂತೆ ಓದುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ.

ಎರಡನೆಯದು ಅಫಜಲಪುರ. ಈ ಹೆಸರಿನಲ್ಲಿ ‘ಎಫ್’, ‘ಜೆಡ್’ ಎರಡೂ ಧ್ವನಿಗಳಿವೆ. ಕನ್ನಡದ ‘ಫ’ ತುಟಿಗಳೆರಡನ್ನೂ ಮುಚ್ಚಿ ತೆರೆಯುವ ಮಹಾಪ್ರಾಣ. ‘ಎಫ್’ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಉಸಿರು ಉಜ್ಜಿ ಹೊರಡುವ ಧ್ವನಿ. ‘ಜೆಡ್’ ಎಂದರೆ ‘ಸ’ಕಾರಕ್ಕೆ ಘೋಷ ಕೂಡಿದ ರೂಪ. 1948ರವರೆಗೆ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಇಂದಿಗೂ ಮನೆಯಲ್ಲಿ ದಖನಿ ಮಾತನಾಡುವ ನಮ್ಮ ಗೆಳೆಯರು ‘ನಮಾಜ್’, ‘ಸಾಫ್’ ಎನ್ನುವಾಗ ಈ ಎರಡೂ ಧ್ವನಿಗಳು ಸಹಜವಾಗಿ ಹೊರಡುತ್ತವೆ. ನಾನು ‘ಜೆಡ್’ ಕಲಿತದ್ದು ಕೋಣೆಯ ಗೆಳೆಯನೊಬ್ಬನ ಬಾಯಿಂದಲೇ. ಅದೇ ಸಹವಾಸದಿಂದ ‘ಇಸ್ಕೂಲ್’, ‘ಇಸ್ಟೇಶನ್’ ಎಂದು ಪದದ ಆದಿಯ ಒತ್ತಕ್ಷರಕ್ಕೆ ‘ಇ’ಕಾರವನ್ನು ಸೇರಿಸುವ ರೂಢಿಯೂ ಬಂದಿದೆ, ಅದನ್ನು ಮಾತ್ರ ಬಿಡಬೇಕು.

ಈ ಘೋಷ, ಅಘೋಷಗಳ ಭೇದವನ್ನು ತಿಳಿದರೆ ಇಂಗ್ಲಿಷಿನ ಎರಡು ದೊಡ್ಡ ನಿಯಮಗಳು ಕೈವಶವಾಗುತ್ತವೆ. ಬಹುವಚನದ ‘ಎಸ್’ ಅಘೋಷದ ಮುಂದೆ ‘ಸ್’ ಆಗಿಯೇ ಉಳಿಯುತ್ತದೆ: ಕ್ಯಾಟ್ಸ್. ಘೋಷದ ಮುಂದೆ, ಡಾಗ್ ಎಂಬ ಪದದಲ್ಲಿರುವಂತೆ, ‘ಜೆಡ್’ ಧ್ವನಿಯಾಗುತ್ತದೆ. ಬಸ್ ಮೊದಲಾದ ಊಷ್ಮಾಂತ ಪದಗಳ ಮುಂದೆ ನಡುವೆ ‘ಇ’ಕಾರ ಬರುತ್ತದೆ. ಭೂತಕಾಲದ ‘ಇಡಿ’ಯೂ ಹೀಗೆಯೇ: ವರ್ಕ್ ಎಂಬುದಕ್ಕೆ ‘ಟ್’, ಪ್ಲೇ ಎಂಬುದಕ್ಕೆ ‘ಡ್’, ವಾಂಟ್ ಎಂಬುದಕ್ಕೆ ‘ಇಡ್’. ‘ವರ್ಕೆಡ್’ ಎನ್ನಲಾಗದು. ಮಳೆ, ಕಾಲ ಕೂಡಿ ‘ಮಳೆಗಾಲ’ವಾಗುವ ಆದೇಶ ಸಂಧಿಯನ್ನು ಕಲಿತ ನಮಗೆ ಇದೇನು ಹೊಸದು? ಅಘೋಷವಾದ ‘ಕ’ ಅಲ್ಲಿ ಘೋಷವಾದ ‘ಗ’ ಆಗಲಿಲ್ಲವೆ?

ಮೂರನೆಯದು ಜೇವರ್ಗಿ. ಈ ಹೆಸರನ್ನು ಇಂಗ್ಲಿಷಿನಲ್ಲಿ ಕೆಲವರು ‘ವಿ’ ಹಾಕಿ, ಕೆಲವರು ‘ಡಬ್ಲ್ಯು’ ಹಾಕಿ ಬರೆಯುತ್ತಾರೆ. ನಮ್ಮ ‘ವ’ ಇವೆರಡರ ನಡುವಿನದಾದ್ದರಿಂದ ನಮಗೆ ಭೇದವೇ ತೋರದು. ಆದರೆ ಇಂಗ್ಲಿಷಿನಲ್ಲಿ ‘ವಿ’ಗೆ ಹಲ್ಲು ತುಟಿಗೆ ತಾಗಬೇಕು, ‘ಡಬ್ಲ್ಯು’ಗೆ ತುಟಿಗಳು ದುಂಡಗಾಗಬೇಕು, ಹಲ್ಲು ತಾಗಕೂಡದು. ಇಲ್ಲದಿದ್ದರೆ ಪಶ್ಚಿಮ ದಿಕ್ಕಿನ ‘ವೆಸ್ಟ್’ ಒಳ ಅಂಗಿಯಾದೀತು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರೆ ಇದು ಬೇಗ ಸಾಧಿಸುತ್ತದೆ.

ಇದೇ ಹೆಸರು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಛಂದಸ್ಸಿನ ಪ್ರಕಾರ ‘ಜೇವರ್ಗಿ’ ಗುರು, ಗುರು, ಲಘು. ಒಟ್ಟು ಐದು ಮಾತ್ರೆ. ಪ್ರತಿಯೊಂದು ಸ್ವರಕ್ಕೂ ತನ್ನ ಪಾಲಿನ ಕಾಲವುಂಟು. ಇಂಗ್ಲಿಷಿನಲ್ಲಿ ಹಾಗಲ್ಲ. ಒಂದಕ್ಕಿಂತ ಹೆಚ್ಚು ಉಚ್ಚಾರಾಂಶಗಳಿರುವ ಪದದಲ್ಲಿ ಒಂದರ ಮೇಲೆ ಮುಖ್ಯವಾದ ಒತ್ತು ಬೀಳುತ್ತದೆ. ಒತ್ತಿಲ್ಲದ ಸ್ವರಗಳು ಎಷ್ಟೋ ಸಲ ಸೊರಗಿ ‘ಶ್ವಾ’ ಎಂಬ ಅಸ್ಪಷ್ಟ ‘ಅ’ಕಾರವಾಗುತ್ತವೆ. ಎಲ್ಲವನ್ನೂ ಸಮವಾಗಿ ಉಚ್ಚರಿಸಿದರೆ, ಒಂದೊಂದು ಧ್ವನಿಯೂ ಶುದ್ಧವಾಗಿದ್ದರೂ, ಕೇಳುವವನಿಗೆ ಪದ ಹಿಡಿಯುವುದು ಕಷ್ಟ. ಒತ್ತು ಬದಲಾದರೆ ಪದದ ಜಾತಿಯೇ ಬದಲಾಗುತ್ತದೆ. ಹಾಜರಿ ಕೂಗುವಾಗ ನಾವು ಹೇಳುವ ‘ಪ್ರೆಸೆಂಟ್’ ಪದಕ್ಕೆ ಮೊದಲಲ್ಲಿ ಒತ್ತು. ಬಹುಮಾನ ಅರ್ಪಿಸು ಎಂಬ ಕ್ರಿಯಾಪದವಾದಾಗ ಕೊನೆಯಲ್ಲಿ ಒತ್ತು. ‘ಷನ್’ ಎಂದು ಮುಗಿಯುವ ಎಜುಕೇಷನ್, ಎಕ್ಸಾಮಿನೇಷನ್‌ಗಳಲ್ಲಿ ಅದರ ಹಿಂದಿನ ಉಚ್ಚಾರಾಂಶಕ್ಕೆ, ಅಂದರೆ ‘ಕೇ’, ‘ನೇ’ಗಳಿಗೆ ಒತ್ತು. ‘ಇಕ್’ ಎಂದು ಮುಗಿಯುವ ಎಕನಾಮಿಕ್ ಮೊದಲಾದವಕ್ಕೂ ಬಹುಮಟ್ಟಿಗೆ ಇದೇ ನಿಯಮ. ನಾವು ಓದುವ ಪಾಲಿಟಿಕ್ಸ್ ಮಾತ್ರ ಅಪವಾದ, ಅದಕ್ಕೆ ಮೊದಲಲ್ಲಿಯೇ ಒತ್ತು. ಡೇನಿಯಲ್ ಜೋನ್ಸರು 1917ರಲ್ಲಿ ಉಚ್ಚಾರಣೆಗೆಂದೇ ಒಂದು ನಿಘಂಟನ್ನು ಪ್ರಕಟಿಸಿದರು. ಇಂದಿನ ನಿಘಂಟುಗಳಲ್ಲಿ ಒತ್ತು ಬೀಳುವ ಭಾಗದ ಮುಂಚೆ ಮೇಲುಗಡೆ ಒಂದು ಪುಟ್ಟ ಗೆರೆ ಇರುತ್ತದೆ. ಅರ್ಥ ನೋಡುವಾಗ ಆ ಗೆರೆಯನ್ನೂ ನೋಡಿಕೊಳ್ಳಿರೆಂದು ಗೆಳೆಯರಲ್ಲಿ ನನ್ನ ವಿನಂತಿ.

ಇನ್ನು ನನ್ನನ್ನು ನಗೆಗೀಡು ಮಾಡಿದ ಆ ‘ಬಿ’ ಅಕ್ಷರದ ಕಥೆ. ಆ ಪದ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಮುಂದೆ ಪಂಡಿತರು ಅದನ್ನು ಬರವಣಿಗೆಯಲ್ಲಿ ಸೇರಿಸಿದರು. ಜನ ಮಾತ್ರ ಹಳೆಯಂತೆಯೇ ಉಚ್ಚರಿಸುತ್ತ ಬಂದರು. ಎಂದರೆ, ನಾನು ಎಡವಿದ್ದು ಪಂಡಿತರೇ ನಡುದಾರಿಯಲ್ಲಿ ನೆಟ್ಟ ಕಲ್ಲಿಗೆ! ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದೆನು. ತೊಗರಿ ಹಸನು ಮಾಡುತ್ತಿದ್ದ ಅವನು ತುಸು ಹೊತ್ತು ಸುಮ್ಮನಿದ್ದು, “ಇಂಗ್ಲಿಷಿನ್ಯಾಗ ಬರದ ಅಕ್ಷರ ಅನ್ನದಿದ್ರೂ ನಡೀತದೇನಪಾ? ಸಾವಕಾರನ ವಹಿಯಾಗ ಹಂಗಿಲ್ಲ. ಬರದಿದ್ದೆಲ್ಲಾ ಲೆಕ್ಕಕ್ಕ ಬರ್ತದ” ಎಂದನು.

ಅಂದಿನಿಂದ ನಾನು ನಾಚಿಕೆ ಬಿಟ್ಟಿದ್ದೇನೆ. ನಾವು ಇಂಗ್ಲೆಂಡಿನವರಂತೆ ಮಾತನಾಡಬೇಕಾಗಿಲ್ಲ. ನಮ್ಮ ಮಾತು ಕೇಳುವವನಿಗೆ ತಿಳಿದರೆ ಸಾಕು. ನಾಳೆ ಸಂದರ್ಶನಕ್ಕೆ ಹೋಗುವ ನಮ್ಮ ಸೀಮೆಯ ಹುಡುಗ ಹುಡುಗಿಯರು ಒಂದು ಪದಕ್ಕಾಗಿ ತಲೆ ತಗ್ಗಿಸಬಾರದು. ತಪ್ಪಿದವನನ್ನು ಕಂಡು ನಗುವ ಬದಲು ಅವನ ಬಳಿ ಕುಳಿತು ತಿದ್ದೋಣ. ಈ ಅಲ್ಪನ ಬರಹದಲ್ಲಿಯ ತಪ್ಪುಗಳನ್ನು ಗುರುಗಳೂ ಹಾಗೆಯೇ ತಿದ್ದುವರೆಂದು ನಂಬಿದ್ದೇನೆ.