ಚೇಳಿನ ವಿಷವೂ ಔಷಧದ ಪರೀಕ್ಷೆಯೂ

ಚೇಳು ನಮ್ಮ ಸೀಮೆಯ ಜನರಿಗೆ ಅಪರಿಚಿತವಾದ ಪ್ರಾಣಿಯಲ್ಲ. ಹಿತ್ತಿಲಿನ ಕಟ್ಟಿಗೆಯ ಒಟ್ಟಿಲಿನಲ್ಲಿ, ಕುಳ್ಳಿನ ರಾಶಿಯಲ್ಲಿ, ಕಲ್ಲುಮಣ್ಣಿನ ಗೋಡೆಯ ಸಂದುಗಳಲ್ಲಿ, ರಾತ್ರಿ ಬಿಚ್ಚಿಟ್ಟ ಕಾಲ್ಮರಿಯ ಒಳಗೆ ಅದು ಅಡಗಿರುವದನ್ನು ಚಪಳಗಾಂವದ ಮಕ್ಕಳೆಲ್ಲರೂ ಬಲ್ಲರು. ಚೇಳು ಕಡಿಯಿತೆಂದು ನಾವು ರೂಢಿಯಲ್ಲಿ ಹೇಳುತ್ತೇವೆ. ನಿಜವಾಗಿ ಅದು ಕಡಿಯುವದಿಲ್ಲ, ಬಾಲದ ತುದಿಯ ಕೊಂಡಿಯಿಂದ ಚುಚ್ಚಿ ವಿಷವನ್ನು ಸೇರಿಸುತ್ತದೆ. ರೂಢಿಯ ಮಾತನ್ನು ಬಿಡುವದು ಕಠಿಣವಾದ್ದರಿಂದ ಇಲ್ಲಿಯೂ ಕಡಿತವೆಂದೇ ಬರೆಯುವೆನು.

ಆದರೆ ಚೇಳಿನ ವರ್ಣನೆಯಷ್ಟೇ ಈ ಲೇಖನದ ಉದ್ದೇಶವಲ್ಲ. ದವಾಖಾನೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ರೋಗಿಯನ್ನು ಹೊತ್ತು ತಂದಾಗ ವೈದ್ಯರು ಒಂದು ಔಷಧವನ್ನು ಕೊಡುತ್ತಾರೆ, ಇನ್ನೊಂದನ್ನು ಬಿಡುತ್ತಾರೆ. ಇದರಿಂದ ಗುಣವಾಗುವದೆಂದು ಅವರು ತಿಳಿದುಕೊಂಡದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಮಹಾರಾಷ್ಟ್ರ ರಾಜ್ಯದಲ್ಲಿಯೇ, ಒಂದು ಸಣ್ಣ ಊರಿನ ದವಾಖಾನೆಯಲ್ಲಿ ಚೇಳು ಕಡಿತದ ಮೇಲೆ ನಡೆದ ಸಂಶೋಧನೆಯಿಂದ ಪಡೆಯಬಹುದು.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಚೇಳುಗಳನ್ನು ಕಾಣುತ್ತೇವೆ. ದೊಡ್ಡ ಮೈಯ, ದಪ್ಪ ಕೊಂಬುಗಳ ಕರಿಚೇಳನ್ನು ನೋಡಿದರೆ ಭಯವಾಗುತ್ತದೆ. ಅದು ಕಡಿದರೆ ಉರಿಯೂ ಬಹಳ, ಆದರೆ ಪ್ರಾಣಕ್ಕೆ ಅಪಾಯ ವಿರಳ. ಕೆಂಪು ಅಥವಾ ಕಂದು ಬಣ್ಣದ ಕೆಂಪು ಚೇಳು ಚಿಕ್ಕದು, ಸಪುರಾದ ಕೊಂಬುಗಳುಳ್ಳದ್ದು. ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರ, ಸೌರಾಷ್ಟ್ರ, ತಮಿಳುನಾಡುಗಳಲ್ಲಿ ಮನುಷ್ಯರ ಪ್ರಾಣವನ್ನು ತೆಗೆಯುವದು ಈ ಚಿಕ್ಕದೇ.

ಇದರಿಂದ ಒಂದು ವಿಚಿತ್ರವಾದ ಪರಿಣಾಮ ಉಂಟಾಗುತ್ತದೆ. ವಿದ್ಯಾರ್ಥಿಗಳೇ, ಲೆಕ್ಕಕ್ಕಾಗಿ ಹೀಗೆ ಭಾವಿಸಿರಿ: ಒಂದು ಊರಿನಲ್ಲಿ ನೂರು ಜನರಿಗೆ ಚೇಳು ಕಡಿಯಿತು. ಅವರಲ್ಲಿ ತೊಂಬತ್ತೈದು ಜನ ಯಾವ ಚಿಕಿತ್ಸೆಯೂ ಇಲ್ಲದೆ ಒಂದೆರಡು ದಿನಗಳಲ್ಲಿ ತಾವಾಗಿಯೇ ಗುಣಹೊಂದತಕ್ಕವರು. ಆ ನೂರು ಜನರೂ ಮಂತ್ರ ಹಾಕುವವರ ಬಳಿಗೆ ಹೋದರೆ, ತೊಂಬತ್ತೈದು ಜನ ಮಂತ್ರದಿಂದಲೇ ಬದುಕಿದೆವೆಂದು ನಂಬಿ ಊರೆಲ್ಲ ಹೇಳುವರು. ಉಳಿದ ಐವರ ವಿಷಯದಲ್ಲಿ ಆಯುಷ್ಯ ಮುಗಿದಿತ್ತೆನ್ನುವರು. ಮಂತ್ರ ಹಾಕುವ ಹಿರಿಯರು ವಂಚಕರೆಂದು ನಾನು ಹೇಳುವದಿಲ್ಲ. ಅವರಲ್ಲಿ ಅನೇಕರು ಒಂದು ಕಾಸನ್ನೂ ಮುಟ್ಟದೆ, ನಡುರಾತ್ರಿಯಲ್ಲಿ ಎಬ್ಬಿಸಿದರೂ ಬೇಸರಿಸದೆ ಬರತಕ್ಕವರು. ಆದರೆ ತೊಂಬತ್ತೈದು ಜನರ ಸಾಕ್ಷ್ಯವಿದ್ದರೂ ಮಂತ್ರದ ಗುಣ ಸಿದ್ಧವಾಗಲಿಲ್ಲ. ಮಂತ್ರವಿಲ್ಲದ ಇನ್ನೊಂದು ನೂರು ಜನರ ಗತಿಯೇನಾಯಿತೆಂದು ಯಾರೂ ಎಣಿಸಲಿಲ್ಲವಷ್ಟೇ. ಇದೇ ತಪ್ಪು ಮಂತ್ರವಾದಿಗೆ ಮಾತ್ರವಲ್ಲ, ಸೂಜಿಮದ್ದು ಕೊಡುವ ವೈದ್ಯನಿಗೂ ಆಗಬಹುದು.

ಕೆಂಪು ಚೇಳಿನ ವಿಷವು ದೇಹದಲ್ಲಿ ಮಾಡುವ ಕೆಲಸವನ್ನು ಸ್ವಲ್ಪ ತಿಳಿಯಬೇಕು. ನಮ್ಮ ನರಗಳ ಹೊರಪೊರೆಯಲ್ಲಿ ಸೋಡಿಯಂ ಕಣಗಳು ಒಳಹೋಗುವ ಸೂಕ್ಷ್ಮ ದ್ವಾರಗಳಿವೆ. ಅವು ಕ್ಷಣಮಾತ್ರ ತೆರೆದು ಮುಚ್ಚಿಕೊಳ್ಳುವದರಿಂದ ನರದ ಸಂದೇಶ ಸಾಗುತ್ತದೆ. ವಿಷವು ಈ ದ್ವಾರಗಳನ್ನು ಮುಚ್ಚಗೊಡುವದಿಲ್ಲ. ಆಗ ನರಗಳು ಬಿಡುವಿಲ್ಲದೆ ಪ್ರಚೋದನೆಗೊಂಡು, ಅಡ್ರಿನಾಲಿನ್ ಮೊದಲಾದ ರಸಗಳು ರಕ್ತಕ್ಕೆ ಪ್ರವಾಹದಂತೆ ಬರುತ್ತವೆ. ರೋಗಿಯ ಮೈಯೆಲ್ಲ ಬೆವರಿ ತೊಯ್ಯುತ್ತದೆ, ವಾಂತಿಯಾಗುತ್ತದೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ರಕ್ತನಾಳಗಳು ಬಿಗಿಯುವದರಿಂದ ಕೈಕಾಲುಗಳು ತಣ್ಣಗಾಗಿ ರಕ್ತದೊತ್ತಡ ಏರುತ್ತದೆ. ಇಕ್ಕಟ್ಟಾದ ನಾಳಗಳಲ್ಲಿ ರಕ್ತವನ್ನು ನೂಕಿ ನೂಕಿ ಹೃದಯವು ದಣಿಯುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ತಾಯಿತಂದೆಗಳು ಒಂದು ಮಾತನ್ನು ಅವಶ್ಯವಾಗಿ ನೆನಪಿಡಬೇಕು: ಕಡಿದ ಸ್ಥಳದಲ್ಲಿ ಬಹಳ ನೋವಿದ್ದು ಬೇರೆ ಏನೂ ಇಲ್ಲದಿದ್ದರೆ ಅಪಾಯ ಕಡಿಮೆ. ನೋವು ಅಷ್ಟಿಲ್ಲದೆ ಮಗು ಬೆವರಿ, ವಾಂತಿಮಾಡಿ, ಕೈಕಾಲು ತಣ್ಣಗಾದರೆ ಅದೇ ದೊಡ್ಡ ಅಪಾಯದ ಲಕ್ಷಣ. ನೋವು ಇಳಿಯಿತೆಂದು ಮನೆಯವರು ಸಮಾಧಾನ ಪಡುವ ಹೊತ್ತಿನಲ್ಲಿಯೇ ಹೃದಯ ಸೋಲುತ್ತಿರಬಹುದು.

ಜಾಲನಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಡಾ. ಹಿಮ್ಮತರಾವ ಬಾವಸ್ಕರ ಅವರು ನಾಗಪುರದಲ್ಲಿ ವೈದ್ಯಕೀಯ ಶಿಕ್ಷಣ ಪಡೆದು 1976ರಲ್ಲಿ ಕೊಂಕಣದ ರಾಯಗಡ ಸೀಮೆಯ ಬಿರವಾಡಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದರು. ಅಲ್ಲಿ ಚೇಳು ಕಡಿದ ಮಕ್ಕಳೂ ಹೊಲದ ಕೂಲಿಗಳೂ ಪದೇ ಪದೇ ಬರುತ್ತಿದ್ದರು; ಬಂದವರಲ್ಲಿ ಕೆಲವರು ಕಣ್ಣೆದುರಿಗೇ ಸಾಯುತ್ತಿದ್ದರು. ಆ ಕಾಲದ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸರಿಯಾದ ಉಪಾಯವಿರಲಿಲ್ಲ. ಅವರು ರೋಗಿಯ ಮಂಚದ ಬದಿಗೆ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರಾಟಗಳನ್ನು ತಾಸುತಾಸಿಗೆ ಬರೆದಿಡತೊಡಗಿದರು. ದೊಡ್ಡ ಯಂತ್ರಗಳಿಲ್ಲದ ಸ್ಥಳದಲ್ಲಿ ಸಂಶೋಧನೆ ಸಾಧ್ಯವಿಲ್ಲವೆನ್ನುವವರು ಇದನ್ನು ಗಮನಿಸಬೇಕು. ಅವರ ಮೊದಲ ಸಾಮಗ್ರಿ ಒಂದು ಗಡಿಯಾರ, ಒತ್ತಡ ನೋಡುವ ಉಪಕರಣ ಮತ್ತು ವಹಿ. ಹೃದಯಕ್ಕೆ ಅಪಾಯ ಬರುವ ಮುನ್ನ ಕಾಣುವ ಲಕ್ಷಣಗಳನ್ನು ಕುರಿತು ಅವರು ಬರೆದದ್ದು 1982ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಾದ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು.

ರಕ್ತನಾಳಗಳು ಬಿಗಿಯುವದೇ ಅನರ್ಥದ ಮೂಲವಾದರೆ, ಅವುಗಳನ್ನು ಸಡಿಲಿಸುವ ಔಷಧವನ್ನು ಏಕೆ ಕೊಡಬಾರದು? ರಕ್ತದೊತ್ತಡದ ರೋಗಿಗಳಿಗೆ ಕೊಡುತ್ತಿದ್ದ ಪ್ರಾಝೋಸಿನ್ ಎಂಬ ಅಗ್ಗದ ಗುಳಿಗೆ ಅಂಥದು. 1980ರ ದಶಕದಲ್ಲಿ ಅವರೂ ಅವರ ಪತ್ನಿ ಡಾ. ಪ್ರಮೋದಿನಿ ಬಾವಸ್ಕರ ಅವರೂ ಇದನ್ನು ಚೇಳು ಕಡಿದವರಿಗೆ ಕೊಟ್ಟು ನೋಡಿ, 1986ರಲ್ಲಿ ಅದೇ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಮೊದಲು ವಿಷವೇರಿದ ರೋಗಿಗಳಲ್ಲಿ ನೂರಕ್ಕೆ ಇಪ್ಪತ್ತೈದು ಮೂವತ್ತು ಜನ ಸಾಯುತ್ತಿದ್ದಲ್ಲಿ, ಕ್ರಮೇಣ ಈ ಸಂಖ್ಯೆ ಕೆಲವೇ ಅಂಕಿಗಳಿಗೆ ಇಳಿಯಿತು. ಇದಕ್ಕೂ ಮೊದಲು ಹಲವೆಡೆ ಅಟ್ರೋಪಿನ್ ಎಂಬ ಔಷಧವನ್ನು ಕೊಡುತ್ತಿದ್ದರು. ಅದರಿಂದ ಬೆವರು ಆರುತ್ತಿತ್ತು, ಜೊಲ್ಲು ನಿಲ್ಲುತ್ತಿತ್ತು. ನೋಡುವವರಿಗೆ ರೋಗ ಇಳಿದಂತೆ ಕಾಣುತ್ತಿತ್ತು. ಒಳಗೆ ಮಾತ್ರ ಹೃದಯದ ಬಡಿತ ಇನ್ನಷ್ಟು ಏರಿ ಅದರ ಭಾರ ಹೆಚ್ಚುತ್ತಿತ್ತು. ಕಣ್ಣಿಗೆ ಕಾಣುವ ಸುಧಾರಣೆಯನ್ನು ನಂಬಿದ್ದರೆ ಅಟ್ರೋಪಿನ್ನೇ ಶ್ರೇಷ್ಠವೆನಿಸುತ್ತಿತ್ತು.

ಹಿಂದಿನ ವರ್ಷಗಳ ರೋಗಿಗಳೊಡನೆ ಈಗಿನವರನ್ನು ಹೋಲಿಸುವದರಲ್ಲಿಯೂ ಒಂದು ಕೊರತೆ ಉಳಿಯುತ್ತದೆ. ಈಚಿನ ವರ್ಷಗಳಲ್ಲಿ ರಸ್ತೆಗಳಾಗಿರಬಹುದು, ರೋಗಿಗಳು ಬೇಗ ಬಂದಿರಬಹುದು, ಶುಶ್ರೂಷೆ ಸುಧಾರಿಸಿರಬಹುದು. ಗುಣ ಔಷಧದ್ದೋ ರಸ್ತೆಯದ್ದೋ? ಆದ್ದರಿಂದ ಒಂದೇ ಕಾಲದಲ್ಲಿ, ಒಂದೇ ದವಾಖಾನೆಯಲ್ಲಿ, ಒಂದೇ ತೆರನಾದ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸುವದು ಉತ್ತಮ ಮಾರ್ಗ. ಯಾರು ಯಾವ ಗುಂಪಿಗೆ ಎಂಬದನ್ನು ವೈದ್ಯರು ಆರಿಸಕೂಡದು. ಚೀಟಿ ಎತ್ತಿದಂತೆ ದೈವಗತಿಯಿಂದ ನಿರ್ಧಾರವಾಗಬೇಕು. ಇಲ್ಲವಾದರೆ ಗಟ್ಟಿಮುಟ್ಟಾದವರು ತಿಳಿಯದೆಯೇ ಒಂದು ಕಡೆಗೆ ಸೇರಿಬಿಡುವರು.

ಮಹಾಡದ ತಮ್ಮ ದವಾಖಾನೆಯಲ್ಲಿ ಬಾವಸ್ಕರ ದಂಪತಿಗಳು ಇಂಥ ಪರೀಕ್ಷೆಯನ್ನು ನಡೆಸಿ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಚೇಳಿನ ವಿಷಕ್ಕೆ ಪ್ರತಿವಿಷದ ಮದ್ದು ಮುಂಬಯಿಯಲ್ಲಿ ತಯಾರಾಗುತ್ತಿತ್ತು. ಪ್ರಾಝೋಸಿನ್ ಜೊತೆಗೆ ಅದನ್ನೂ ಕೊಟ್ಟರೆ ಹೆಚ್ಚು ಲಾಭವುಂಟೋ ಎಂಬದು ಪ್ರಶ್ನೆ. ವಿಷವು ಮೈಗೇರಿದ್ದರೂ ಹೃದಯ ಶ್ವಾಸಕೋಶಗಳಿಗೆ ಇನ್ನೂ ತಟ್ಟದಿದ್ದ 70 ರೋಗಿಗಳನ್ನು 35ರಂತೆ ಎರಡು ಗುಂಪು ಮಾಡಿದರು. ಗಮನಿಸಿರಿ, ಪ್ರಾಝೋಸಿನ್ ಎರಡೂ ಗುಂಪುಗಳಿಗೆ ಸಿಕ್ಕಿತು. ಪ್ರಾಣ ಉಳಿಸುವದೆಂದು ಅನುಭವಕ್ಕೆ ಬಂದ ಔಷಧವನ್ನು ಪರೀಕ್ಷೆಗಾಗಿ ಯಾರಿಗೂ ತಪ್ಪಿಸಲಿಲ್ಲ. ಹತ್ತು ತಾಸುಗಳೊಳಗೆ ಪೂರ್ಣ ಗುಣವಾದವರು ಎರಡೂ ಮದ್ದು ಪಡೆದ 35ರಲ್ಲಿ 32 ಜನ. ಪ್ರಾಝೋಸಿನ್ ಮಾತ್ರ ಪಡೆದ 35ರಲ್ಲಿ 8 ಜನ. ಇವು ಶೇಕಡಾ ಎಷ್ಟೆಷ್ಟೆಂದು ಏಳನೆಯ ಇಯತ್ತೆಯ ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ಗುಣವಾಗಲು ಹಿಡಿದ ಸರಾಸರಿ ಕಾಲ ಮೊದಲಿನವರಿಗೆ 8 ತಾಸು, ಎರಡನೆಯವರಿಗೆ 17.7 ತಾಸು. ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಅರ್ಧಸತ್ಯವಾಗುತ್ತಿತ್ತು. ಸ್ಥಿತಿ ಇನ್ನೂ ಕೆಟ್ಟವರು ಒಂದು ಗುಂಪಿನಲ್ಲಿ 4, ಇನ್ನೊಂದರಲ್ಲಿ 5, ಹೆಚ್ಚು ಭೇದವಿಲ್ಲ. ಅಂದರೆ ಪ್ರತಿವಿಷವು ಬೇಗ ಗುಣಪಡಿಸಿತೆಂದು ಸಿದ್ಧವಾಯಿತೇ ಹೊರತು ಕೇಡನ್ನು ತಡೆಯಿತೆಂದು ಸಿದ್ಧವಾಗಲಿಲ್ಲ. ಯಾರಿಗೆ ಯಾವ ಮದ್ದು ಎಂಬದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು, ಇದೂ ಒಂದು ಮಿತಿ. ಇವೆಲ್ಲವನ್ನೂ ಸಂಶೋಧಕರು ತಾವೇ ಬರೆದು ತೋರಿಸಿದ್ದಾರೆ. 2022ರಲ್ಲಿ ಭಾರತ ಸರಕಾರವು ಡಾ. ಬಾವಸ್ಕರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಎಪ್ಪತ್ತು ಜನರಲ್ಲಿಯೇ ಫಲ ಕಂಡುಬಂದದ್ದು ಭೇದವು ದೊಡ್ಡದಾಗಿದ್ದರಿಂದ. ಭೇದ ಚಿಕ್ಕದಾದರೆ ಸಾವಿರಾರು ರೋಗಿಗಳು ಬೇಕು. ತಲೆಗೆ ಪೆಟ್ಟು ಬಿದ್ದವರಿಗೆ ಸ್ಟಿರಾಯ್ಡ್ ಎಂಬ ಔಷಧವನ್ನು ಜಗತ್ತಿನ ತುರ್ತು ವಿಭಾಗಗಳಲ್ಲಿ ಸುಮಾರು ಮೂವತ್ತು ವರ್ಷ ಸದ್ಭಾವನೆಯಿಂದಲೇ ಕೊಡುತ್ತಿದ್ದರು. 2004ರಲ್ಲಿ ಪ್ರಕಟವಾದ, ಅನೇಕ ದೇಶಗಳ 10,008 ರೋಗಿಗಳ ಪರೀಕ್ಷೆಯಲ್ಲಿ, ಎರಡು ವಾರಗಳೊಳಗೆ ಸತ್ತವರು ಸ್ಟಿರಾಯ್ಡ್ ಪಡೆದವರಲ್ಲಿ ಶೇಕಡಾ 21.1, ಪಡೆಯದವರಲ್ಲಿ 17.9 ಎಂದು ಕಂಡಿತು. ನೂರಕ್ಕೆ ಮೂವರು ಹೆಚ್ಚು ಸತ್ತದ್ದು ಯಾವ ಒಬ್ಬ ವೈದ್ಯನ ಕಣ್ಣಿಗೂ ಬೀಳುವಂಥದಲ್ಲ. ಎಣಿಸಿದಾಗಲೇ ಅದು ಕಂಡಿತು. ಮೂವತ್ತು ವರ್ಷಗಳಲ್ಲಿ ಹೋದ ಪ್ರಾಣಗಳೆಷ್ಟೆಂದು ಯೋಚಿಸಿದರೆ ಎದೆ ನಡುಗುತ್ತದೆ.

ಇನ್ನು ನಮ್ಮ ಮನೆಗಳ ಮಾತು. ಚೇಳು ಕಡಿದ ಸ್ಥಳವನ್ನು ಕೊಯ್ಯುವದು, ಬಿಗಿಯಾಗಿ ಕಟ್ಟುವದು, ಸುಡುವದು ಇವೆಲ್ಲ ವ್ಯರ್ಥ ಮತ್ತು ಅಪಾಯಕರ. ಮಗುವನ್ನು ಮಲಗಿಸಿ, ಕಡಿದ ವೇಳೆಯನ್ನು ಗುರುತಿಟ್ಟು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಯ್ಯಬೇಕು. 2014ರಿಂದ ನಮ್ಮ ರಾಜ್ಯದಲ್ಲಿ 108ಕ್ಕೆ ಫೋನು ಮಾಡಿದರೆ ಆಂಬ್ಯುಲನ್ಸ್ ಬರುತ್ತದೆ. ಸ್ಥಿತಿ ಕೆಟ್ಟರೆ ಅಕ್ಕಲಕೋಟೆ ಇಲ್ಲವೆ ಸೊಲ್ಲಾಪುರದ ಸಿವಿಲ್ ದವಾಖಾನೆ ಇದೆ. ಪ್ರಾಝೋಸಿನ್ ಗುಳಿಗೆಯನ್ನು ಮನೆಯಲ್ಲಿಟ್ಟುಕೊಂಡು ತಾವೇ ಕೊಡುವ ಸಾಹಸ ಬೇಡ. ಅದನ್ನು ತೆಗೆದುಕೊಂಡವರು ಎದ್ದು ನಿಂತರೆ ಒತ್ತಡ ಒಮ್ಮೆಲೆ ಕುಸಿದು ಬೀಳಬಹುದು. ಮಂತ್ರದ ಮೇಲೆ ಶ್ರದ್ಧೆಯುಳ್ಳವರು ಮಗು ದವಾಖಾನೆಯಲ್ಲಿ ಮಲಗಿರುವಾಗ ಹೊರಗೆ ಹಾಕಿಸಲಿ, ಯಾರ ಅಭ್ಯಂತರವೂ ಇಲ್ಲ.

ದೊಡ್ಡ ದವಾಖಾನೆಗಳಲ್ಲಿ ಕೆಲವೊಮ್ಮೆ ನಿಮ್ಮ ರೋಗಿಯನ್ನು ಇಂಥ ಪರೀಕ್ಷೆಯಲ್ಲಿ ಸೇರಿಸಲು ಸಹಿ ಕೇಳಬಹುದು. ತುರ್ತು ವಿಭಾಗದಲ್ಲಿ ರೋಗಿಗೆ ಎಚ್ಚರವೇ ಇಲ್ಲದಿರಬಹುದು. ಆಗ ಹತ್ತಿರದ ಬಂಧುಗಳನ್ನು ಕೇಳುತ್ತಾರೆ. ಗಾಬರಿಯಲ್ಲಿರುವ ತಂದೆಗೆ, ತನಗೆ ತಿಳಿಯದ ಭಾಷೆಯ ಕಾಗದವನ್ನು ಮುಂದೆ ಹಿಡಿದರೆ ಅವನ ಅವಸ್ಥೆ ಏನಾಗಬೇಕು? ಅದಕ್ಕಾಗಿಯೇ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ ಪರೀಕ್ಷೆಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ವಿಷಯವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಬೇಡವೆನ್ನುವ, ನಡುವೆಯೇ ಹಿಂದೆ ಸರಿಯುವ ಹಕ್ಕು ನಮಗಿದೆ, ಹಾಗೆ ಮಾಡಿದರೆ ಚಿಕಿತ್ಸೆಗೆ ಕುಂದು ಬರಕೂಡದು. ಕನ್ನಡದಲ್ಲಿ ಹೇಳಿರೆಂದು ಕೇಳಲು ಸಂಕೋಚ ಬೇಡ. ರೋಗಿಯು ಚಿಕ್ಕವನಾದರೆ ತಾಯಿತಂದೆಗಳ ಸಹಿಯೊಂದೇ ಸಾಲದು: ಏಳರಿಂದ ಹನ್ನೆರಡು ವರ್ಷದ ಮಗುವಿನಿಂದ ಬಾಯಿಮಾತಿನ ಸಮ್ಮತಿಯನ್ನು, ಅದಕ್ಕೂ ದೊಡ್ಡವರಿಂದ ಹದಿನೆಂಟರವರೆಗೆ ಬರೆದ ಸಮ್ಮತಿಯನ್ನು ಪಡೆಯಬೇಕು. ಹೀಗಾಗಿ ಈ ಸಂಚಿಕೆಯನ್ನು ಓದುವ ನಾಲ್ಕನೆಯ ಇಯತ್ತೆಯ ಹುಡುಗಿಯನ್ನೂ, ಅವಳಿಗೆ ಎಚ್ಚರವಿದ್ದರೆ, ವೈದ್ಯರು ಮೊದಲು ಕೇಳತಕ್ಕದ್ದು.